ನಾಯಿಗೇಕೆ ಕಿರೀಟ?

ಬೆನ್ಸನ್ ಟೌನಿನ ಮನೆಗಳ ಹಜಾರದ ಗೋಡೆಗಳ ಮೇಲೆ ಈಚಿನ ಕೆಲವು ವರ್ಷಗಳಿಂದ ಹೊಸದೊಂದು ರಾಜವಂಶ ಪಟ್ಟವೇರಿ ಕುಳಿತಿದೆ. ಒಂದು ಮನೆಯಲ್ಲಿ ಜರತಾರಿ ಪೇಟ, ಮುತ್ತಿನ ಹಾರ, ಸೊಂಟದಲ್ಲಿ ಖಡ್ಗ ಧರಿಸಿದ ಲ್ಯಾಬ್ರಡಾರ್ ಮಹಾರಾಜರು. ಎದುರು ಮನೆಯಲ್ಲಿ ಎದೆಯ ತುಂಬ ಪದಕಗಳನ್ನು ತೂಗಿಸಿಕೊಂಡ ಪಗ್ ಸೇನಾಧಿಪತಿಗಳು. ಅಡ್ಡರಸ್ತೆಯ ತಿರುವಿನಲ್ಲಿ ಕಪ್ಪು ಕೋಟು, ಬಿಳಿಯ ಕೊರಳಪಟ್ಟಿ ಕಟ್ಟಿಕೊಂಡು ನ್ಯಾಯಾಧೀಶರಾಗಿರುವ ಒಂದು ಬೆಕ್ಕು. ಮನೆಗೆ ಬಂದ ಅತಿಥಿಗೆ ಕಾಫಿ ಬರುವುದಕ್ಕಿಂತ ಮುಂಚೆ ಈ ಮಹನೀಯರ ದರ್ಶನವಾಗುತ್ತದೆ. ಅತಿಥಿಯಾದವನು ನಗಬೇಕು. ನಗದಿದ್ದರೆ ಅವನಿಗೆ ರಸಿಕತೆಯಿಲ್ಲವೆಂದು ತೀರ್ಮಾನ. ನಾನು ನಗದವರ ಪಂಗಡಕ್ಕೆ ಸೇರಿದವನು. ಏಕೆ ನಗಲಿಲ್ಲವೆಂಬುದನ್ನು ಹೇಳಲು ಹಜಾರದಲ್ಲಿ ಅವಕಾಶ ಸಿಗಲಿಲ್ಲವಾಗಿ ಇಲ್ಲಿ ಹೇಳುತ್ತಿದ್ದೇನೆ.

ಮೊದಲೇ ಒಂದು ಮಾತು. ಸಾಕುಪ್ರಾಣಿಗಳ ಚಿತ್ರ ಬರೆಸುವುದೇ ಹುಚ್ಚು ಎನ್ನುವವರ ಪಕ್ಷ ನನ್ನದಲ್ಲ. ಆ ಪಕ್ಷವೂ ಊರಿನಲ್ಲಿ ಸಾಕಷ್ಟು ಬಲವಾಗಿಯೇ ಇದೆ. "ಮನುಷ್ಯರಿಗೇ ಇಲ್ಲದ ವೈಭವ ನಾಯಿಗೇಕಪ್ಪಾ? ಇದೆಲ್ಲ ದಂಡಿನಲ್ಲಿದ್ದ ಇಂಗ್ಲಿಷರು ಬಿಟ್ಟುಹೋದ ಶೋಕಿ" ಎಂದು ಬಸವನಗುಡಿಯ ಕಡೆಯ ನನ್ನ ಹಿರಿಯ ಮಿತ್ರರೊಬ್ಬರು ಆಗಾಗ್ಗೆ ಅಪ್ಪಣೆ ಕೊಡಿಸುತ್ತಾರೆ. ಇಂಗ್ಲಿಷರಿಗೆ ಆ ಶೋಕಿ ಇದ್ದದ್ದು ನಿಜ. ವಿಕ್ಟೋರಿಯಾ ರಾಣಿ ತನ್ನ ಪತಿಯ ಅಚ್ಚುಮೆಚ್ಚಿನ ಈಯಾಸ್ ಎಂಬ ಬೇಟೆನಾಯಿಯ ಚಿತ್ರವನ್ನು 1841ರಲ್ಲಿ ಲ್ಯಾಂಡ್‌ಸೀರ್ ಎಂಬ ಹೆಸರಾಂತ ಚಿತ್ರಕಾರನಿಂದ ಬರೆಸಿದಳು. ಆದರೆ ಅದಕ್ಕೆ ಸುಮಾರು ಒಂಬೈನೂರು ವರ್ಷ ಮೊದಲೇ ನಮ್ಮ ಮದ್ದೂರಿನ ಸೀಮೆಯಲ್ಲಿ ಒಬ್ಬ ಕನ್ನಡಿಗ ತನ್ನ ನಾಯಿಯ ಚಿತ್ರವನ್ನು ಕಲ್ಲಿನಲ್ಲಿ ಕಡೆಸಿ ನಿಲ್ಲಿಸಿಯಾಗಿತ್ತು.

ಆತಕೂರಿನ ಶಾಸನವೆಂದರೆ ಚರಿತ್ರೆಯ ಪಾಠದಲ್ಲಿ ಕೇಳಿದ ನೆನಪು ಅನೇಕರಿಗಿರಬಹುದು. ಅದೊಂದು ನಾಯಿಯ ಭಾವಚಿತ್ರವೂ ಹೌದೆಂದು ಭಾವಿಸಿದವರು ಕಡಿಮೆ. ಕ್ರಿ.ಶ. 949-50ರ ಕಾಲ. ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳರಿಗೂ ತಕ್ಕೋಲದಲ್ಲಿ ಯುದ್ಧವಾಯಿತು. ಕೃಷ್ಣನ ಪಕ್ಷದಲ್ಲಿ ಕಾದಿದ ಗಂಗ ದೊರೆ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ. ಆ ಬೂತುಗ ತನ್ನ ಕಡೆಯ ವೀರ ಮಣಲೇರನ ಸಾಹಸಕ್ಕೆ ಮೆಚ್ಚಿ, ಬೇಕಾದ್ದನ್ನು ಕೇಳು ಎಂದನಂತೆ. ಮಣಲೇರ ಬಾಯಿಬಿಟ್ಟು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಮಣಲೇರ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನೆಡಿಸಿದ, ಅದರ ಪೂಜೆಗೆ ಭೂಮಿ ಬಿಟ್ಟ. ಆ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದ ಪೂಜಾರಿಗೆ ಪಾಪ ತಟ್ಟಲಿ ಎಂದೂ ಬರೆಸಿದ. ಕಲ್ಲಿನ ಮೇಲ್ಭಾಗದಲ್ಲಿ ನಾಯಿ ಹಂದಿಗಳೆರಡೂ ಒಂದನ್ನೊಂದು ಹಿಡಿದುಕೊಂಡು ಹೋರಾಡುತ್ತಿವೆ. ಆ ಕಲ್ಲು ಈಗ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದ ಸ್ವತ್ತು. ಬೆನ್ಸನ್ ಟೌನಿನಿಂದ ಆಟೋ ಹಿಡಿದರೆ ಬಹಳ ದೂರವೇನಲ್ಲ.

ಇದರಲ್ಲಿ ಮುಖ್ಯವಾಗಿ ನೋಡಬೇಕಾದ್ದು ಒಂದುಂಟು. ಸತ್ತ ವೀರನ ಕಲ್ಲನ್ನು ಹೇಗೆ ಕಡೆಯಬೇಕೆಂಬುದಕ್ಕೆ ನಮ್ಮ ನಾಡಿನಲ್ಲಿ ಒಂದು ಸಿದ್ಧವಾದ ಅಚ್ಚು ಇತ್ತು. ಕೆಳಗೆ ಯುದ್ಧ, ನಡುವೆ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಕೈಲಾಸದಲ್ಲಿ ಶಿವಸನ್ನಿಧಿ. ಊರೂರಿನ ವೀರಗಲ್ಲುಗಳಲ್ಲಿ ಇದನ್ನು ನೋಡಬಹುದು. ಶಿಲ್ಪಿ ಮನಸ್ಸು ಮಾಡಿದ್ದರೆ ಕಾಳಿಯ ಕೈಗೊಂದು ಕತ್ತಿ ಕೊಟ್ಟು, ಎಡಬಲಕ್ಕೆ ಇಬ್ಬರು ಅಪ್ಸರೆಯರನ್ನು ನಿಲ್ಲಿಸಿ ಕೆಲಸ ಮುಗಿಸಬಹುದಾಗಿತ್ತು. ಆತ ಹಾಗೆ ಮಾಡಲಿಲ್ಲ. ನಾಯಿಯನ್ನು ನಾಯಿಯಾಗಿ, ಅದು ಮಾಡಿದ ಕೆಲಸದಲ್ಲಿ ತೊಡಗಿದ್ದಂತೆಯೇ ಕಡೆದ. ಗೌರವ ತೋರಿಸಲು ಅದನ್ನು ಮನುಷ್ಯನನ್ನಾಗಿ ಮಾಡಬೇಕೆಂದು ಆ ಶಿಲ್ಪಿಗಾಗಲಿ, ಹಣ ಕೊಟ್ಟ ಮಣಲೇರನಿಗಾಗಲಿ ತೋರಲಿಲ್ಲ.

ಇಂದು ಚಿತ್ರ ಬರೆಸುವ ಕ್ರಮವೇ ಬೇರೆ. ನಾಯಿಯ ಒಂದು ಫೋಟೋವನ್ನು ಮೊಬೈಲಿನಲ್ಲಿ ತೆಗೆದು ಕಳಿಸಬೇಕು. ಮುಖ ನೇರವಾಗಿ ಕಾಣಬೇಕೆಂದು ಸೂಚನೆ. ಆಮೇಲೆ ಉಡುಪುಗಳ ಪಟ್ಟಿ ಬರುತ್ತದೆ. ರಾಜ, ರಾಣಿ, ದಳಪತಿ, ವಿಮಾನಚಾಲಕ, ಸಿನಿಮಾ ನಾಯಕ. ಒಂದನ್ನು ಆರಿಸಬೇಕು. ಫೋಟೋದಿಂದ ತಲೆಯನ್ನು ಕತ್ತರಿಸಿ ಆ ಉಡುಪಿನ ಕೊರಳಿನ ಮೇಲೆ ಕೂರಿಸುತ್ತಾರೆ. ಸ್ವಲ್ಪ ಬಣ್ಣ ಬಳಿದಂತೆ ತೋರುವ ಹಾಗೆ ಮಾಡುತ್ತಾರೆ. ಕಟ್ಟು ಹಾಕಿಸಿ ಮನೆಗೆ ಕಳಿಸುತ್ತಾರೆ. ಚಿತ್ರ ಬರೆದವನು ನಾಯಿಯನ್ನು ನೋಡಿಲ್ಲ, ನಾಯಿ ಅವನನ್ನು ಮೂಸಿಲ್ಲ. ನಮ್ಮ ರಸ್ತೆಯಲ್ಲೇ ಎರಡು ಮನೆಗಳಲ್ಲಿ ಅದೇ ಮಹಾರಾಜರು, ಅದೇ ಪೇಟ, ಅದೇ ಮುತ್ತಿನ ಹಾರ, ಹಾರದ ಎಡಗಡೆಯಲ್ಲಿ ಬೆಳಕು ಬಿದ್ದು ಹೊಳೆಯುವ ಅದೇ ಮೂರನೆಯ ಮುತ್ತು. ಎರಡೂ ಮನೆಯಲ್ಲಿರುವುದು ಹಳದಿ ಲ್ಯಾಬ್ರಡಾರ್. ಚಿತ್ರಗಳನ್ನು ಅದಲು ಬದಲು ಮಾಡಿದರೆ ಗೊತ್ತಾಗುತ್ತದೆಯೇ ಎಂದು ಒಬ್ಬ ಯಜಮಾನರನ್ನು ಕೇಳಿದೆ. "ಗೊತ್ತಾಗದೆ ಏನು ಸಾರ್? ನಮ್ಮದಕ್ಕೆ ಹಾಕಿಸಿರೋದು ತೇಗದ ಕಟ್ಟು" ಎಂದರು.

ಇದನ್ನು ವ್ಯಂಗ್ಯಚಿತ್ರವೆಂದು ಮಾರುತ್ತಾರಲ್ಲ, ಅದಕ್ಕೆ ನನ್ನ ಮುಖ್ಯ ತಕರಾರು. ವ್ಯಂಗ್ಯ ಭಾವಚಿತ್ರಕ್ಕೆ ಯೂರೋಪಿನ ಭಾಷೆಗಳಲ್ಲಿರುವ 'ಕ್ಯಾರಿಕೇಚರ್' ಎಂಬ ಹೆಸರು ಇಟಲಿಯ ಮಾತಿನಿಂದ ಬಂದದ್ದು. ಅದರ ಮೂಲದ ಅರ್ಥ ಹೊರೆ ಹೇರುವುದು ಎಂದು. ಇರುವ ಮೂಗಿನ ಮೇಲೆ ಇನ್ನಷ್ಟು ಮೂಗನ್ನು ಹೇರುವುದು. ಹೇರಬೇಕಾದರೆ ಕೆಳಗೆ ಏನಾದರೂ ಇರಬೇಕಷ್ಟೆ. ಉದ್ದ ಕಿವಿಯನ್ನು ಇನ್ನೂ ಉದ್ದ ಮಾಡುವವನು ಮೊದಲು ಅದು ಉದ್ದವಿರುವುದನ್ನು ಕಂಡಿರಬೇಕು. ನಾಯಿಗೆ ಖಡ್ಗ ಕಟ್ಟುವವನು ನಾಯಿಯಲ್ಲಿ ಏನನ್ನೂ ಕಂಡಿರಬೇಕಾದ ಅಗತ್ಯವಿಲ್ಲ. ಖಡ್ಗ ಮುಂಚೆಯೇ ಅಲ್ಲಿತ್ತು; ನಾಯಿ ಬಂದು ಹೋಗುತ್ತದೆ.

ನಮ್ಮ ಆಲಂಕಾರಿಕರು ಇದನ್ನು ಚೆನ್ನಾಗಿ ಅರಿತಿದ್ದರು. ಅಲಂಕಾರಗಳ ಪೈಕಿ ಸ್ವಭಾವೋಕ್ತಿ ಎಂಬುದೊಂದಿದೆ. ಇದ್ದದ್ದನ್ನು ಇದ್ದಂತೆ, ಆದರೆ ಎಲ್ಲರ ಕಣ್ಣಿಗೂ ಬೀಳದ ರೀತಿಯಲ್ಲಿ ಹೇಳುವುದು. ಇದಕ್ಕೆ ಉದಾಹರಣೆ ಬೇಕಾದಾಗ ದಂಡಿ ಗಿಳಿ ಪಾರಿವಾಳಗಳ ಕಡೆ ತಿರುಗಿದ. ಮಮ್ಮಟ ಮಕ್ಕಳೇ ಮೊದಲಾದವರ ಆಟಪಾಟಗಳನ್ನು ಹೇಳಿದ. ಶಾಕುಂತಲದ ಮೊದಲ ಅಂಕದಲ್ಲಿ ದುಷ್ಯಂತನ ರಥದ ಮುಂದೆ ಪ್ರಾಣಭಯದಿಂದ ಓಡುವ ಜಿಂಕೆಯನ್ನು ನೆನೆಸಿಕೊಳ್ಳಿ. ಕತ್ತನ್ನು ಹಿಂದಕ್ಕೆ ತಿರುಗಿಸಿ ತಿರುಗಿಸಿ ನೋಡುತ್ತದೆ; ಅರ್ಧ ಅಗಿದ ಹುಲ್ಲು ತೆರೆದ ಬಾಯಿಂದ ದಾರಿಯುದ್ದಕ್ಕೂ ಉದುರುತ್ತದೆ. ಕಾಳಿದಾಸನಿಗೆ ಉಪಮೆಗಳಿಗೇನು ಬರವೇ? ಆದರೂ ಆ ಜಿಂಕೆಗೆ ಅವನು ಬೇರೆಯ ವೇಷ ಹಾಕಲಿಲ್ಲ. ಬಾಯಿಂದ ಬಿದ್ದ ಹುಲ್ಲೊಂದೇ ಸಾಕಾಯಿತು.

ಹುಲ್ಲು ಬೀಳುವುದನ್ನು ನೋಡಲು ತಾಳ್ಮೆ ಬೇಕು. ಮೊಗಲ್ ದೊರೆ ಜಹಾಂಗೀರನಿಗೆ ಈ ತಾಳ್ಮೆಯಿತ್ತು. ಗೋವೆಯಿಂದ 1612ರಲ್ಲಿ ಅವನ ಆಸ್ಥಾನಕ್ಕೆ ಟರ್ಕಿ ಕೋಳಿ ಬಂದಾಗ, ಕೇಳಿದವರ ಅಚ್ಚರಿ ನೋಡಿ ಇನ್ನೂ ಹೆಚ್ಚಲಿ ಎಂದು ಅದರ ಚಿತ್ರ ಬರೆಯಲು ಅಪ್ಪಣೆ ಮಾಡಿದ. 1621ರಲ್ಲಿ ಒಂದು ಜೀಬ್ರಾ ಬಂತು. ಇಷ್ಟು ಅಚ್ಚುಕಟ್ಟಾದ ಪಟ್ಟೆ ಪ್ರಾಣಿಗೆ ಹುಟ್ಟಿನಿಂದ ಬರಲು ಸಾಧ್ಯವೇ, ಯಾರೋ ಬಣ್ಣ ಬಳಿದಿರಬೇಕು ಎಂದು ಕೆಲವರಿಗೆ ಸಂಶಯ ಹುಟ್ಟಿತು. ಸೂಕ್ಷ್ಮವಾಗಿ ಪರೀಕ್ಷಿಸಿ ನಿಜವಾದ ಪಟ್ಟೆಯೇ ಎಂದು ಗೊತ್ತುಮಾಡಿಕೊಂಡರು. ಆ ಜೀಬ್ರಾವನ್ನು ಚಿತ್ರಿಸಿದವನು ಉಸ್ತಾದ್ ಮನ್ಸೂರ್. ದೊರೆಯ ಆಸ್ಥಾನದಲ್ಲಿ ಕಿರೀಟಗಳಿಗೆ ಕೊರತೆಯಿರಲಿಲ್ಲ. ಆದರೂ ಜೀಬ್ರಾಕ್ಕೆ ಒಂದನ್ನೂ ಇಡಲಿಲ್ಲ. ಮೊಗಲ್ ಸಾಮ್ರಾಟನಿಗೆ ಹೊಳೆಯದ ಉಪಾಯ ನಮ್ಮ ಅಪಾರ್ಟ್‌ಮೆಂಟಿನವರಿಗೆ ಹೊಳೆದಿದೆ.

"ಇದೆಲ್ಲ ದೊಡ್ಡ ಮಾತಾಯಿತು, ನಮಗೆ ಬೇಕಾದ್ದು ತಮಾಷೆ" ಎನ್ನಬಹುದು. ತಮಾಷೆಯ ವಿಚಾರವನ್ನೇ ಮಾತನಾಡೋಣ. ಮೈಸೂರಿನಲ್ಲಿ ಹುಟ್ಟಿ ಬೆಳೆದ ಆರ್. ಕೆ. ಲಕ್ಷ್ಮಣ್ ಅವರು ದೇಶದ ಮಂತ್ರಿಗಳನ್ನೆಲ್ಲ ನಗೆಪಾಟಲು ಮಾಡಿದರು; ಅದಕ್ಕೂ ಮೊದಲು ನಮ್ಮ 'ಕೊರವಂಜಿ'ಗೆ ಚಿತ್ರ ಬರೆದರು. ಅವರಿಗೆ ಜೀವಮಾನವೆಲ್ಲ ತೀರದ ಒಂದು ಮೋಹವಿತ್ತು: ಕಾಗೆ. ಬೇಸರವಿಲ್ಲದೆ ಕಾಗೆಗಳನ್ನು ಬರೆದರು. ಕಾಗೆಗೆ ಗಾಂಧಿ ಟೋಪಿ ಹಾಕಿ ಮಂತ್ರಿಯನ್ನಾಗಿ ಮಾಡುವುದು ಅವರಂಥವರಿಗೆ ಎರಡು ನಿಮಿಷದ ಕೆಲಸ. ಅವರಿಗೆ ಬೇಕಾಗಿದ್ದದ್ದು ಆ ವಕ್ರ ಕತ್ತು, ಆ ಕಳ್ಳ ನೋಟ, ಆ ಕುಪ್ಪಳಿಕೆ. ಅವರ ಕಾಗೆಯನ್ನು ನೋಡಿದಾಗ ನಗು ಬರುವುದು ಕಾಗೆ ಕಾಗೆಯಾಗಿರುವುದರಿಂದಲೇ.

ಮನೆಯ ನಾಯಿಯಲ್ಲಿ ನಗಲು ಏನೂ ಇಲ್ಲವೆಂದು ಹೇಳುವವರು ನಾಯಿಯನ್ನು ಸಾಕಿಯೇ ಇಲ್ಲ. ತಿಂಡಿಯ ಹೊತ್ತಿಗೆ ಅದು ತಂದುಕೊಳ್ಳುವ ವೈರಾಗ್ಯ. ಚಪ್ಪಲಿ ಕಡಿದ ದಿನ ಯಾರೂ ಕೇಳುವ ಮೊದಲೇ ಸೋಫಾದ ಕೆಳಗಿನಿಂದ ಹೊರಗೆ ಚಾಚಿ ಮಲಗಿಸಿದ ಅರ್ಧ ಬಾಲ. ಗುಡುಗು ಬಂದಾಗ ಎಂಬತ್ತು ಪೌಂಡಿನ ಆಲ್ಸೇಷಿಯನ್ ಸ್ನಾನದ ಮನೆಯಲ್ಲಿ ಬಕೆಟ್ಟಿನ ಹಿಂದೆ ಅಡಗಿಕೊಂಡೆನೆಂದು ನಂಬಿ ನಿಂತಿರುವ ಭಂಗಿ. ಬೆಕ್ಕಿನ ವಿಷಯವಂತೂ ಹೇಳಬೇಕಾಗಿಲ್ಲ. ಮನೆಯ ಸಾಲವೆಲ್ಲ ತೀರಿಸಿದ ಯಜಮಾನನನ್ನು ಅದು ಬಾಡಿಗೆದಾರನನ್ನು ನೋಡುವಂತೆ ನೋಡುತ್ತದೆ. ಇದನ್ನೆಲ್ಲ ಬಿಟ್ಟು ನ್ಯಾಯಾಧೀಶರ ಕೋಟು ಹೊದಿಸುವುದೆಂದರೆ, ಹಬ್ಬದ ಅಡುಗೆ ಮನೆಯಲ್ಲಿರುವಾಗ ಹೋಟೆಲಿನಿಂದ ಪೊಟ್ಟಣ ತರಿಸಿದಂತೆ.

ಉಡುಪು ತೊಟ್ಟ ನಾಯಿಗಳಿಗೂ ಒಂದು ವಂಶಾವಳಿ ಇದೆ, ಅದನ್ನು ಮರೆಮಾಚಬಾರದು. ಕೂಲಿಜ್ ಎಂಬ ಅಮೆರಿಕದ ಚಿತ್ರಕಾರನಿಂದ ಬ್ರೌನ್ ಅಂಡ್ ಬಿಗೆಲೋ ಎಂಬ ಜಾಹೀರಾತಿನ ಸಂಸ್ಥೆ 1903ರಲ್ಲಿ ಹದಿನಾರು ಚಿತ್ರಗಳನ್ನು ಬರೆಸಿತು. ಅವುಗಳಲ್ಲಿ ಒಂಬತ್ತರಲ್ಲಿ ನಾಯಿಗಳು ಮೇಜಿನ ಸುತ್ತ ಕುಳಿತು ಇಸ್ಪೀಟು ಆಡುತ್ತವೆ. ಅವು ಲೋಕಪ್ರಸಿದ್ಧವಾದವು; ನನಗೂ ಅವುಗಳ ಮೇಲೆ ದ್ವೇಷವಿಲ್ಲ. ಜಾಹೀರಾತಿಗೆ ಬೇಕಾಗಿದ್ದದ್ದು ಇಸ್ಪೀಟಾಡುವ ಗಂಡಸರ ಅಣಕ, ಅದಕ್ಕೆ ನಾಯಿಯ ಮುಖವನ್ನು ಬಾಡಿಗೆಗೆ ಪಡೆದರು. ಅದನ್ನು ತೋರಿಸಿ, "ಇದು ನಮ್ಮ ಮನೆಯ ಟಾಮಿ" ಎಂದು ಯಾರೂ ಹೇಳಲಿಲ್ಲ. ಬೆನ್ಸನ್ ಟೌನಿನಲ್ಲಿ ಹೇಳುತ್ತಿದ್ದಾರೆ.

ಒಂದೇ ಒಂದು ನಾಯಿಯ ಚಿತ್ರ ನಮ್ಮ ತಾತಂದಿರ ಕಾಲದಲ್ಲಿ ಕನ್ನಡನಾಡಿನ ಮನೆಮನೆಗೂ ಹೊಕ್ಕಿತ್ತು. 'ನಾಯಿ ಮಾರ್ಕಿನ ಪ್ಲೇಟು' ಎಂದರೆ ಹಿರಿಯರಿಗೆ ಇಂದಿಗೂ ಗೊತ್ತು. ಆ ನಾಯಿ ಕಲ್ಪನೆಯದಲ್ಲ. ನಿಪ್ಪರ್ ಎಂಬ ಹೆಸರಿನ ನಿಜವಾದ ನಾಯಿ. 1895ರಲ್ಲಿ ಅದು ಸತ್ತಮೇಲೆ, ಅದನ್ನು ಸಾಕಿದ್ದ ಫ್ರಾನ್ಸಿಸ್ ಬರೋ ಎಂಬ ಚಿತ್ರಕಾರ, ಯಂತ್ರದ ಮುಂದೆ ತಲೆ ವಾಲಿಸಿ ಕಿವಿಗೊಟ್ಟ ಅದರ ರೂಪವನ್ನು ಬರೆದ. ಗ್ರಾಮೋಫೋನ್ ಕಂಪನಿ 1899ರಲ್ಲಿ ಆ ಚಿತ್ರವನ್ನೂ ಅದರ ಹಕ್ಕನ್ನೂ ನೂರು ಪೌಂಡಿಗೆ ಕೊಂಡಿತು. ಮೊದಲು ಬರೆದಿದ್ದ ಹಳೆಯ ಯಂತ್ರವನ್ನು ಅಳಿಸಿ ತಮ್ಮ ಯಂತ್ರವನ್ನು ಬರೆಯಬೇಕೆಂದು ಷರತ್ತು ಹಾಕಿತು. ಬರೋ ಯಂತ್ರವನ್ನು ಬದಲಾಯಿಸಿದ. ವಾಲಿದ ಆ ತಲೆ ಹಾಗೆಯೇ ಉಳಿಯಿತು.

ಸತ್ತ ನಾಯಿಯ ಚಿತ್ರದ ಪ್ರಸ್ತಾಪ ಬಂದದ್ದರಿಂದ ನಮ್ಮ ನೆರೆಯ ಒಂದು ಸಂಗತಿ ಹೇಳಬೇಕು. ವೇಷದ ಚಿತ್ರಗಳು ಬರಿಯ ಅಭಿರುಚಿಯ ಪ್ರಶ್ನೆಯಾಗಿದ್ದರೆ ನಾನು ಲೇಖನಿ ಹಿಡಿಯುತ್ತಿರಲಿಲ್ಲ. ನಮ್ಮ ಬೀದಿಯಲ್ಲಿ ಒಬ್ಬರು ನಿವೃತ್ತ ಉಪಾಧ್ಯಾಯಿನಿ ಇದ್ದಾರೆ. ಬೀದಿಗೆಲ್ಲ ಅವರು 'ಮಿಸ್'. ಹದಿಮೂರು ವರ್ಷ ಸಾಕಿದ ನಾಯಿ ಹೋದಮೇಲೆ, ಪರದೇಶದಲ್ಲಿರುವ ಮಗಳು ತಾಯಿಗೆ ಸಂತೋಷವಾಗಲೆಂದು ಅದರ ಚಿತ್ರ ಮಾಡಿಸಿ ಕಳಿಸಿದಳು. ಬಿಳಿಯ ರೆಕ್ಕೆ, ತಲೆಯ ಹಿಂದೆ ಚಿನ್ನದ ಪ್ರಭಾವಳಿ, ಕೆಳಗೆ ಮೋಡ. ಮಿಸ್ ಅದನ್ನು ಬಹಳ ಹೊತ್ತು ನೋಡಿದರು. "ಇದರ ಕಿವಿ ಎಲ್ಲಿ ಹೋಯ್ತಪ್ಪಾ?" ಎಂದು ನನ್ನನ್ನು ಕೇಳಿದರು. ಆ ನಾಯಿಯ ಎಡಗಿವಿಯ ಅಂಚು ಹರಿದಿತ್ತು. ಮರಿಯಾಗಿದ್ದಾಗ ಬೇರೆ ನಾಯಿಯೊಂದು ಕಚ್ಚಿದ ಗುರುತು. ಅದರ ಗಾಯಕ್ಕೆ ಔಷಧ ಹಚ್ಚುತ್ತ ಹಚ್ಚುತ್ತಲೇ ಅದು ಅವರ ಮನೆಯದಾದದ್ದು. ಚಿತ್ರ ಮಾಡಿದವರು ಫೋಟೋದಲ್ಲಿದ್ದ ಆ ಹರಕನ್ನು ದೋಷವೆಂದು ತಿಳಿದು ತುಂಬಿ, ಎರಡು ಕಿವಿಗಳನ್ನೂ ಒಂದೇ ಸಮ ಮಾಡಿದ್ದರು. ರೆಕ್ಕೆ ಕೊಟ್ಟು ಕಿವಿಯನ್ನು ಕಸಿದುಕೊಂಡರು. ಮಗಳಿಗೆ ಬೇಸರವಾಗಬಾರದೆಂದು ಮಿಸ್ ಅದನ್ನು ಗೋಡೆಗೆ ಹಾಕಿದ್ದಾರೆ. ಕೂರುವ ಕುರ್ಚಿಯನ್ನು ಮಾತ್ರ ಈಚೆ ಕಡೆ ತಿರುಗಿಸಿಕೊಂಡಿದ್ದಾರೆ. ಇದ್ದ ಒಂದು ಜೀವದ ಕಟ್ಟಕಡೆಯ ಗುರುತನ್ನು ಅಳಿಸುವುದಕ್ಕೆ ಹಣ ಕೊಡಬೇಕೆ?

ಉಡುಪುಗಳ ಪಟ್ಟಿಯನ್ನು ನೋಡಿದಾಗ ಇನ್ನೊಂದು ಚೋದ್ಯ ಕಾಣುತ್ತದೆ. ರಾಜನುಂಟು, ಜನರಲ್ ಉಂಟು, ಜಡ್ಜಿ ಉಂಟು. ಕಾವಲುಗಾರನಿಲ್ಲ. ನಾಯಿ ಹತ್ತು ಸಾವಿರ ವರ್ಷಗಳಿಂದ ಮಾಡಿಕೊಂಡು ಬಂದಿರುವ ಉದ್ಯೋಗವಾದರೂ ಕಾವಲುಗಾರನದೇ ತಾನೆ? ಗೇಟಿನ ಬಳಿ ರಾತ್ರಿಯೆಲ್ಲ ಕುಳಿತು ಬೆಳಗಿನ ಜಾವ ತೂಕಡಿಸುವ ಕಾವಲುಗಾರನ ಖಾಕಿ ಅಂಗಿ ಹಾಕಿ ಚಿತ್ರ ಬರೆದರೆ ಅದರಲ್ಲಿ ಒಂದಿಷ್ಟು ವ್ಯಂಗ್ಯವಾದರೂ ಇರುತ್ತಿತ್ತು. ಹಾಗೆ ಬರೆಸಿದವರನ್ನು ನಾನು ಕಂಡಿಲ್ಲ. ಏಕೆಂದರೆ ಆ ಚಿತ್ರದಲ್ಲಿ ಗೋಡೆಗೇರುತ್ತಿರುವುದು ನಾಯಿಯಲ್ಲ, ಯಜಮಾನರ ಕನಸು. ತಾವೇ ಪೇಟ ಕಟ್ಟಿ ಖಡ್ಗ ಹಿಡಿದು ಚಿತ್ರ ಬರೆಸಿಕೊಂಡರೆ ಬೀದಿ ನಗುತ್ತದೆ. ನಾಯಿಗೆ ನಾಚಿಕೆಯಿಲ್ಲ, ಅದರ ಹೆಗಲಿಗೆ ಹಾಕಿದ್ದಾರೆ. 2005ರಲ್ಲಿ ನಮ್ಮ ಅಂಚೆ ಇಲಾಖೆ ಮುಧೋಳದ ಬೇಟೆನಾಯಿಯ ಅಂಚೆಚೀಟಿ ತಂದಿತು. ಅಂಚೆಯವರು ಅದಕ್ಕೆ ರುಮಾಲು ಸುತ್ತಲಿಲ್ಲ. ಆ ನಾಯಿಯ ಸಣ್ಣ ನಡು, ಉದ್ದ ಮೋರೆ ಎಷ್ಟೋ ರುಮಾಲುಗಳಿಗೆ ಸಮ ಎಂದು ಅವರಿಗೆ ತಿಳಿದಿತ್ತು.

ಹಾಗೆ ನೋಡಿದರೆ ಬೆಂಗಳೂರಿನ ಅತ್ಯುತ್ತಮ ವ್ಯಂಗ್ಯಚಿತ್ರಗಳು ಹಜಾರದಲ್ಲಿಲ್ಲ, ಗೇಟಿನ ಮೇಲೆ ಇದ್ದವು. 'ನಾಯಿ ಇದೆ ಎಚ್ಚರಿಕೆ' ಎಂಬ ತಗಡಿನ ಹಲಗೆ. ಶಿವಾಜಿನಗರದ ಕಡೆಯ ಬೋರ್ಡು ಬರೆಯುವವರು ಕೈಯಿಂದ ಬರೆದ, ಕೆಂಪು ನಾಲಿಗೆ ಚಾಚಿದ, ಕರಡಿಗೂ ಹುಲಿಗೂ ಹುಟ್ಟಿದಂತಿರುವ ಒಂದು ಮುಖ. ಗೇಟು ತೆರೆದು ಒಳಗೆ ಹೋದರೆ ಮೊಣಕಾಲಿಗೂ ಬಾರದ ಪೊಮೆರೇನಿಯನ್ ಒಂದು ಬಾಲ ಅಲ್ಲಾಡಿಸಿಕೊಂಡು ಬರುತ್ತಿತ್ತು. ಹಲಗೆಗೂ ನಾಯಿಗೂ ನಡುವಿನ ಆ ಹತ್ತು ಹೆಜ್ಜೆಯಲ್ಲಿ ಎಷ್ಟು ಹಾಸ್ಯವಿತ್ತು! ಈಗ ಅಂಗಡಿಯಲ್ಲಿ ಅಚ್ಚಾದ ಪ್ಲಾಸ್ಟಿಕ್ ಹಲಗೆ ಬಂದಿದೆ. ಬರೆಯುತ್ತಿದ್ದವರ ಕುಂಚಕ್ಕೆ ಫ್ಲೆಕ್ಸ್ ಯಂತ್ರ ಕೊಡಲಿಯಾಯಿತು.

ಫ್ಲೆಕ್ಸ್‌ಗೂ ಮೀರಿದ ಯಂತ್ರ ಈಗ ಬಂದಿದೆ. 2025ರ ಮಾರ್ಚಿಯಲ್ಲಿ, ಜಪಾನಿನ ಘಿಬ್ಲಿ ಸ್ಟುಡಿಯೋದ ಚಲನಚಿತ್ರಗಳ ಶೈಲಿಯಲ್ಲಿ ಯಾರ ಚಿತ್ರವನ್ನು ಬೇಕಾದರೂ ಕಂಪ್ಯೂಟರ್ ಬರೆದುಕೊಡುತ್ತದೆಂದು ಊರಿಗೂರೇ ಮುಗಿಬಿದ್ದದ್ದು ಎಲ್ಲರಿಗೂ ನೆನಪಿರಬೇಕು. ನಾಯಿ ಬೆಕ್ಕುಗಳನ್ನೂ ಬಿಡಲಿಲ್ಲ. ಯಂತ್ರದ ಮೇಲೆ ನನಗೆ ವಿಶೇಷವಾದ ಕೋಪವಿಲ್ಲ. ನಾಯಿಯನ್ನು ನೋಡದೆ ನಾಯಿಯ ಚಿತ್ರ ಬರೆಯಬಹುದೆಂದು ಗಿರಾಕಿಗಳು ಒಪ್ಪಿಕೊಂಡ ಮೇಲೆ, ನೋಡದಿರುವ ಕೆಲಸವನ್ನು ಮನುಷ್ಯನಿಗಿಂತ ಯಂತ್ರ ಅಗ್ಗವಾಗಿ ಮಾಡುತ್ತದೆ. ಅದಕ್ಕೆ ಆ ದಾರಿ ತೆರೆದವರು ನಾವು. ಚಿತ್ರಕಾರನ ಅನ್ನ ಉಳಿಯಬೇಕಾದರೆ, ಅವನು ಮಾತ್ರ ಮಾಡಬಲ್ಲ ಕೆಲಸವನ್ನು, ಎಂದರೆ ಮನೆಗೆ ಬಂದು ಕುಳಿತು ನೋಡುವ ಕೆಲಸವನ್ನು, ಅವನಿಂದ ಕೇಳಬೇಕು.

ಬಸವನಗುಡಿಯ ಮಿತ್ರರಿಗೆ ಒಂದು ಉತ್ತರ ಬಾಕಿಯಿದೆ. ಬೀದಿನಾಯಿಗಳು ಹಸಿದಿರುವಾಗ ಸಾಕಿದ ನಾಯಿಗೆ ಚಿತ್ರವೇ ಎಂಬುದು ಅವರ ಇನ್ನೊಂದು ಬಾಣ. ಮಹಾನಗರ ಪಾಲಿಕೆ 2023ರಲ್ಲಿ ಎಣಿಸಿದಾಗ ಬೆಂಗಳೂರಿನ ಬೀದಿನಾಯಿಗಳ ಸಂಖ್ಯೆ ಸುಮಾರು 2 ಲಕ್ಷ 79 ಸಾವಿರವೆಂದು ಬಂತು. ಅಷ್ಟನ್ನೂ ಬರೆಸಲು ಯಾರಿಂದಲೂ ಆಗದು. ನಮ್ಮ ಅಡ್ಡರಸ್ತೆಯ ಕಂದು ನಾಯಿಯೊಂದನ್ನು ಬರೆಸಬಹುದಲ್ಲ? ಅದಕ್ಕೆ ಒಂದೊಂದು ಗೇಟಿನಲ್ಲಿ ಒಂದೊಂದು ಹೆಸರು. ಒಂದು ಮನೆಯಲ್ಲಿ ರಾಜು, ಪಕ್ಕದಲ್ಲಿ ಬ್ರೌನಿ, ಮೂಲೆಯ ಇಸ್ತ್ರಿ ಗಾಡಿಯವನಿಗೆ ಬರಿಯ 'ಡೇಯ್'. ಮೂರಕ್ಕೂ ಓಗೊಡುತ್ತದೆ, ಮೂರು ಬಗೆಯಲ್ಲಿ. ಬಿಸ್ಕತ್ತಿನ ಮನೆಗೆ ಓಟ, ಅನ್ನದ ಮನೆಗೆ ನಡಿಗೆ, ಇಸ್ತ್ರಿಯವನ ಕಡೆಗೆ ಮಲಗಿದಲ್ಲಿಂದಲೇ ಬಾಲದ ಒಂದು ಬಡಿತ. ಒಳ್ಳೆಯ ವ್ಯಂಗ್ಯಚಿತ್ರಕಾರನಿಗೆ ಇದಕ್ಕಿಂತ ಒಳ್ಳೆಯ ವಸ್ತು ಯಾವ ವಂಶಾವಳಿಯ ನಾಯಿಯಲ್ಲೂ ಸಿಗಲಾರದು.

ಬರೆಸಬೇಕೆಂದಿರುವವರು ದೂರ ಹೋಗಬೇಕಾಗಿಲ್ಲ. ಚಿತ್ರಕಲಾ ಪರಿಷತ್ತಿನವರು ವರ್ಷಕ್ಕೊಮ್ಮೆ ಕುಮಾರಕೃಪಾ ರಸ್ತೆಯಲ್ಲಿ ನಡೆಸುವ ಚಿತ್ರಸಂತೆಯಲ್ಲಿ, ಮುಂದೆ ಕುಳಿತವರ ಮುಖವನ್ನು ನಿಮಿಷಗಳಲ್ಲಿ ಬರೆದುಕೊಡುವ ಕೈಚಳಕದವರು ಕಾಣಸಿಗುತ್ತಾರೆ. ಅಂಥವರೊಬ್ಬರ ವಿಳಾಸ ಪಡೆದುಕೊಳ್ಳಿ, ಮನೆಗೆ ಕರೆಯಿರಿ, ಎರಡು ಗಂಟೆಯ ಹೊತ್ತಿಗೆ ತಕ್ಕ ಸಂಭಾವನೆಯನ್ನು ಚೌಕಾಸಿ ಮಾಡದೆ ಮೊದಲೇ ಒಪ್ಪಿಕೊಳ್ಳಿ. ಮೊದಲ ಅರ್ಧ ಗಂಟೆ ಅವರು ಏನೂ ಬರೆಯದಿದ್ದರೆ ಗಾಬರಿಯಾಗಬೇಡಿ, ಅದೂ ಸಂಭಾವನೆಯೊಳಗಿನ ಕೆಲಸವೇ. ನಾಯಿಯನ್ನು ಕುರ್ಚಿಯ ಮೇಲೆ ಹಿಡಿದು ಕೂರಿಸುವುದು ಬೇಡ. ಅದರ ಪಾಡಿಗೆ ಬಿಡಿ. ಹರಿದ ಕಿವಿ, ಬೋಳಾದ ಮೊಣಕಾಲು, ನರೆತ ಮೂತಿ, ಏನೇನಿದೆಯೋ ಅದನ್ನು ಬಾಯಿಬಿಟ್ಟು ಹೇಳಿ ತೋರಿಸಿ. ಇನ್ನೊಂದು ಮಾತು: ಚಿತ್ರಕಾರರು ಬರುವ ದಿನ ದಯವಿಟ್ಟು ನಾಯಿಗೆ ಸ್ನಾನ ಮಾಡಿಸಬೇಡಿ. ಸ್ನಾನವಾದ ನಾಯಿ ಎರಡು ದಿನ ಬೇರೆ ಯಾರದೋ ನಾಯಿಯಂತೆ ಓಡಾಡುತ್ತಿರುತ್ತದೆ.